ವಾರ್ನಿಷ್ ಒಣಗುವ ತನಕ

ಮಾನ್ಯ ಸಂಪಾದಕರೇ,

'ಅವತ್ತು ಒಂದೇ ವಾರದಾಗ ನೀರು ನಿಲ್ಲಿಸಿದ್ರಲ್ಲ, ಹೊಸ ಗೇಟ್ ಕೂಡ್ಸಾಕ ಯಾಕ ಇಷ್ಟು ದಿನ?' 2024ರಲ್ಲಿ ಒಂದು ಗೇಟ್ ಕೊಚ್ಚಿಹೋಗಿದ್ದ ತುಂಗಭದ್ರಾ ಡ್ಯಾಮಿನ ಮಾತು ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ನಾನು ಗಂಗಾವತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಪಂಪ್ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಮಾಡುವವನು. ನನ್ನ ಅಂಗಡಿಯಲ್ಲೂ ದಿನಾ ಇದೇ ಪ್ರಶ್ನೆ. ಸುಟ್ಟ ಮೋಟರನ್ನು ಬೈಕಿನಿಂದ ಇಳಿಸುವ ಮೊದಲೇ 'ಸಂಜೀಕ ಸಿಗ್ತದೇನ್ರಿ?' ಅನ್ನುತ್ತಾರೆ. ಅವರನ್ನು ಬೈಯಲಾರೆ. ಭತ್ತ ಹಾಲು ತುಂಬುವಾಗ ಗದ್ದೆ ಬಿರಿದರೆ ಕಾಳೆಲ್ಲ ಜೊಳ್ಳು.

ಐದು ಎಚ್‌ಪಿ ಮೋಟರಿನ ಕಾಯಿಲ್ ಸುತ್ತಿ, 24 ಸ್ಲಾಟಿಗೆ (ಮೋಟರಿನ ಒಳಗಿನ ಸೀಳುಗಳಿಗೆ) ಕೂರಿಸಿ, ದಾರ ಬಿಗಿಯುವ ಕೆಲಸವನ್ನು ಪಳಗಿದ ಕೈ ಒಂದೇ ದಿನದಲ್ಲಿ ಮುಗಿಸುತ್ತದೆ. ಕರೆಂಟ್ ಸೋರದ ಹಾಗೆ ಕಾಯಿಲಿಗೆ ಹಾಕುವ ವಾರ್ನಿಷ್ ಒಣಗುವುದು ಮಾತ್ರ ನನ್ನ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಸ್ಟೇಟರ್ (ಕಾಯಿಲ್ ಕೂರುವ, ತಿರುಗದ ಭಾಗ) ಒಳಗೆ 200 ವಾಟಿನ ಬಲ್ಬ್ ಇಳಿಬಿಟ್ಟು, ಗೋಣಿಚೀಲ ಹೊದಿಸಿ ರಾತ್ರಿಯಿಡೀ ಬಿಡುತ್ತೇನೆ. ಒಮ್ಮೆ ಒಬ್ಬರ ಒತ್ತಾಯಕ್ಕೆ ನಾಲ್ಕೇ ತಾಸಿಗೆ ಬಲ್ಬ್ ತೆಗೆದೆ. ಬೆರಳಿಟ್ಟು ನೋಡಿದರೆ ಒಣಗಿದ ಹಾಗೇ ಇತ್ತು; ಸ್ಲಾಟಿನೊಳಗೆ ಹಸಿ. ಕರೆಂಟ್ ಸೋರುತ್ತದೇನು ಎಂದು ತೋರಿಸುವ ಮೆಗ್ಗರ್ ಮೀಟರ್ ಹಚ್ಚಿ ನೋಡಲೂ ಇಲ್ಲ. ಮೂರನೇ ದಿನ ಅದೇ ಬೈಕಿನಲ್ಲಿ ಅದೇ ಮೋಟರ್ ವಾಪಸ್, ಕಮಟು ವಾಸನೆ ಹೊಡೆಯುತ್ತ. ತಾಮ್ರದ ದುಡ್ಡು ನನ್ನ ಮೈಮೇಲೆ ಬಂತು. (ಮನೆಯಲ್ಲಿ ಬೈಸಿಕೊಂಡದ್ದು ಬೇರೆ.)

ಆಮೇಲೆ ಒಂದು ಹಳೇ ಮೋಟರ್ ರಿಪೇರಿ ಮಾಡಿ ಅಂಗಡಿಯಲ್ಲಿಟ್ಟಿದ್ದೇನೆ. ಅವಸರದವರು ಅದನ್ನು ಒಯ್ಯುತ್ತಾರೆ, ಅವರದು ತಯಾರಾಗುವ ತನಕ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಒಂದೊಂದು ತಾಸಿಗೂ ಬೆಲೆಯಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ಹಲಗೆ) ಇಳಿಸಿದ ಆ ಕೆಲಸಗಾರರಿಗೆ ಕೈ ಮುಗಿಯುತ್ತೇನೆ. ಆದರೆ ಸ್ಟಾಪ್‌ಲಾಗ್ ಅಂದರೆ ನನ್ನ ಅಂಗಡಿಯ ಹಳೇ ಮೋಟರ್ ಇದ್ದ ಹಾಗೆ. 33 ಗೇಟ್ ಬದಲಿಸುವ ಕೆಲಸಕ್ಕೆ ಆ ಒಂದು ವಾರದ ಅಳತೆಗೋಲು ಹಿಡಿಯಬಾರದು. ಅದಕ್ಕಾಗಿ ಒಂದು ಬೆಳೆ ಬಿಡಬೇಕಾಗಿ ಬಂದರೆ ನನ್ನ ಗಿರಾಕಿಗಳೂ ಕಮ್ಮಿಯಾಗುತ್ತಾರೆ, ಗೊತ್ತು.

ಈಗ ನಾನು ಮೆಗ್ಗರ್ ಮುಳ್ಳನ್ನು ಗಿರಾಕಿಯ ಕಣ್ಣಿಗೆ ತೋರಿಸದೆ ಮೋಟರ್ ಕೊಡುವುದಿಲ್ಲ. ಹಾಗೆಯೇ, ಹೊಳೆಗೆ ಹೊಸ ನೀರು ಬರುವ ಮೊದಲು ಪ್ರತಿ ಗೇಟನ್ನೂ ಎಷ್ಟು ಸಲ ಏರಿಸಿ ಇಳಿಸಿ ನೋಡಿದರು, ಎಲ್ಲಿ ಸೋರಿತು ಎಂಬ ವಿವರ ಗೇಟ್ ನಂಬರ್ ಸಮೇತ ನಿಮ್ಮ ಪತ್ರಿಕೆಯಲ್ಲಿ ಬರಲಿ.

– ಮೋಟರ್ ರೀವೈಂಡಿಂಗ್ ಕೆಲಸಗಾರ, ಗಂಗಾವತಿ