ಸೀನನಿಗೆ, ಕೊಲ್ಲೂರಿಗೆ ಹೊರಡೋ ಮುಂಚೆ

ಲೋ ಸೀನ,

ನವರಾತ್ರಿಗೆ ಅಮ್ಮನ್ನ ಕೊಲ್ಲೂರಿಗೆ ಕರ್ಕೊಂಡು ಹೋಗ್ಬೇಕು, ರೈಲೋ ಬಸ್ಸೋ ಅಂತ ಕೇಳಿದ್ದೆಯಲ್ಲ. ಫೋನಲ್ಲಿ ಹೇಳಿದ್ರೆ ನೀನು ಬರ್ಕೊಳ್ಳಲ್ಲ. ಬೂದಿಗುಂಬಳದ ಪ್ರಕರಣ ಆದ್ಮೇಲೆ ನಿನ್ನ ನೆನಪಿನ ಮೇಲೆ ನನಗೆ ನಂಬಿಕೆಯೂ ಇಲ್ಲ. ಅದಕ್ಕೇ ಊರಿಗೆಲ್ಲ ಕಾಣೋ ಹಾಗೆ ಬರೀತಿದ್ದೀನಿ. ಬೇರೆಯವರಿಗೂ ಉಪಯೋಗ ಆದ್ರೆ ನಿನ್ನ ಲೆಕ್ಕದಲ್ಲಿ ಕಾಫಿ ಕುಡೀಲಿ.

ರೈಲೇ ಹತ್ತು. ಬೆಂಗಳೂರು–ಕಾರವಾರದ ಪಂಚಗಂಗಾ ಸಂಜೆ ಹೊರಟರೆ ಬೆಳಗಾಗೋ ಹೊತ್ತಿಗೆ ಕರಾವಳಿಯಲ್ಲಿರುತ್ತೆ. ಕೊಲ್ಲೂರಿಗೆ ಹತ್ತಿರದ ಸ್ಟೇಷನ್ ಬೈಂದೂರು. ಟಿಕೆಟ್ ಮಾಡುವಾಗ ‘ಮೂಕಾಂಬಿಕಾ ರೋಡ್ ಬೈಂದೂರು’ ಅಂತ ಹುಡುಕು. ರೈಲ್ವೆಯವರು ಹೆಸರಿನ ಕೊನೆಗೆ ‘ರೋಡ್’ ಅಂತ ಹಾಕಿದ್ರೆ ದೇವಸ್ಥಾನ ಅಲ್ಲಿಲ್ಲ, ಅಲ್ಲಿಗೆ ಹೋಗೋ ದಾರಿ ಮಾತ್ರ ಇದೆ ಅಂತ ಅರ್ಥ. ಸುಬ್ರಹ್ಮಣ್ಯ ರೋಡೂ ಹಾಗೇ, ಸ್ಟೇಷನ್ ಇರೋದು ನೆಟ್ಟಣದಲ್ಲಿ. ಬೈಂದೂರಿಂದ ಕೊಲ್ಲೂರಿಗೆ ಇನ್ನೂ ಮೂವತ್ತು ಕಿಲೋಮೀಟರ್ ಹತ್ತಿರ ರಸ್ತೆ ಇದೆ. ಕುಂದಾಪುರದಲ್ಲಿ ಇಳಿದ್ರೆ ಬಸ್ಸುಗಳು ಜಾಸ್ತಿ, ಆದರೆ ಅಲ್ಲಿಯ ಸ್ಟೇಷನ್ ಪೇಟೇಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಬಸ್‌ಸ್ಟ್ಯಾಂಡಿಗೆ ಆಟೋ ಹಿಡೀಬೇಕು. ರೇಟು ಹತ್ತೋಕೆ ಮುಂಚೆ ಕೇಳು, ಇಳಿದ ಮೇಲಲ್ಲ.

ಬುಕಿಂಗ್ 60 ದಿನ ಮುಂಚೆ, ಬೆಳಗ್ಗೆ 8ಕ್ಕೆ ತೆರೆಯುತ್ತೆ. 120 ದಿನ ಅನ್ನೋದು 2024ರ ನವೆಂಬರ್‌ಗೇ ಹೋಯ್ತು, ನಿಮ್ಮ ಭಾವನ ಮಾತು ಕೇಳಬೇಡ. ಇನ್ನೊಂದು ಮುಖ್ಯ ವಿಷಯ: ಅಮ್ಮನನ್ನೂ ನಿನ್ನನ್ನೂ ಒಂದೇ ಟಿಕೆಟ್ಟಲ್ಲಿ ಹಾಕಬೇಡ. ಕೆಳಗಿನ ಬರ್ತಿಗೆ ಅಂತ ಬೇರೆ ಕೋಟಾ ಇದೆ. 45 ದಾಟಿದ ಹೆಂಗಸರು, 60 ದಾಟಿದ ಗಂಡಸರು ಒಬ್ಬರೇ ಇದ್ದರೆ, ಇಲ್ಲಾ ಅಂಥವರೇ ಇಬ್ಬರಿದ್ದರೆ ಮಾತ್ರ ಅದು ಸಿಗೋದು. ನಿನ್ನಂಥ ನಲವತ್ತರ ಹುಡುಗ ಜೊತೆಗೆ ಸೇರಿಕೊಂಡ ತಕ್ಷಣ ಆ ಕೋಟಾ ಕೈಬಿಟ್ಟು ಹೋಗುತ್ತೆ, ಅಮ್ಮನಿಗೆ ಅಪ್ಪರ್ ಬಂದ್ರೂ ಬಂತು. ಬೇರೆ ಬೇರೆ ಮಾಡಿದ್ರೆ ಬೋಗಿ ಬೇರೆಯಾಗಬಹುದು ನಿಜ. ಆದರೆ ಕೆಳಗಿನ ಬರ್ತನ್ನ ಕೈಲಿಟ್ಕೊಂಡು ‘ಅದಲುಬದಲು ಮಾಡ್ಕೋತೀರಾ’ ಅಂತ ಕೇಳಿದ್ರೆ ಇಡೀ ಬೋಗಿ ನಿನ್ನ ನೆಂಟರಾಗುತ್ತೆ. ಅಪ್ಪರ್ ಇಟ್ಕೊಂಡು ಕೇಳಿ ನೋಡು, ಎಲ್ಲರಿಗೂ ಒಟ್ಟಿಗೆ ಮಂಡಿನೋವು ಶುರುವಾಗುತ್ತೆ.

ವೇಟಿಂಗ್ ಬಂದ್ರೆ ನಂಬರಿಗಿಂತ ಮೊದಲು ಅದರ ಮುಂದಿನ ಅಕ್ಷರ ನೋಡು. ರೈಲು ಹೊರಡೋ ಜಾಗದಿಂದ ಕೊನೇ ತನಕ ಹೋಗೋರಿಗೆ ಸಾಮಾನ್ಯವಾಗಿ ಜಿಎನ್‌ಡಬ್ಲ್ಯೂಎಲ್. ಅದು ಬೇಗ ಕರಗುತ್ತೆ, ಯಾಕಂದ್ರೆ ಹೆಚ್ಚು ಸೀಟು ಇರೋದೂ, ಹೆಚ್ಚು ರದ್ದಾಗೋದೂ ಆ ಕೋಟಾದಲ್ಲೇ. ನಡುವಿನ ಊರುಗಳಿಗೆ ಆರ್‌ಎಲ್‌ಡಬ್ಲ್ಯೂಎಲ್, ಪಿಕ್ಯೂಡಬ್ಲ್ಯೂಎಲ್ ಅಂತ ಚಿಕ್ಕ ಚಿಕ್ಕ ಪಾಲು. ಹತ್ತು ಸೀಟಿನ ಪಾಲಲ್ಲಿ ಎಷ್ಟು ಜನ ರದ್ದು ಮಾಡಿಯಾರು? ಜಿಎನ್ 20 ಕನ್ಫರ್ಮ್ ಆಗಿ ಆರ್‌ಎಲ್ 5 ಹಾಗೇ ಕೂತಿರೋದು ಇದಕ್ಕೇ. ಅದರಿಂದ ವಾಪಸ್ಸು ಬರುವಾಗ ಬೈಂದೂರಿಂದ ಸಿಗದಿದ್ರೆ ಕಾರವಾರದಿಂದಲೇ ಟಿಕೆಟ್ ಮಾಡಿ, ಬೋರ್ಡಿಂಗ್, ಅಂದ್ರೆ ಹತ್ತೋ ಸ್ಟೇಷನ್, ಬೈಂದೂರು ಅಂತ ಹಾಕು. ಹಾಕೋದು ಮರೀಬೇಡ. ಈಗ ಟಿಟಿಇ ಕೈಲಿರೋದು ಟ್ಯಾಬು. ಕಾರವಾರದಲ್ಲಿ ನೀನು ಕಾಣಲಿಲ್ಲ ಅಂತ ಒತ್ತಿದ್ರೆ ನಿನ್ನ ಬರ್ತು ಅರ್ಧ ಸೀಟಲ್ಲಿ ಕೂತಿರೋ ಆರ್‌ಎಸಿಯವರಿಗೆ ಹೋಯ್ತು. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್, ಅಂದ್ರೆ ಸೀಟು ಹಂಚಿದ ಪಟ್ಟಿ, ಆದಮೇಲೆ ತಾನೇ ರದ್ದಾಗುತ್ತೆ, ಕೌಂಟರಿಂದು ಆಗಲ್ಲ, ನೀನೇ ಹೋಗಿ ರದ್ದು ಮಾಡಿಸಬೇಕು. ಚಾರ್ಟ್ ಮೊದಲು ಹೊರಡೋಕೆ 4 ಗಂಟೆ ಮುಂಚೆ ಆಗ್ತಿತ್ತು, 2025ರ ಜುಲೈಯಿಂದ ಇನ್ನೂ ಬೇಗ.

ಘಾಟಿಯಲ್ಲಿ ಗಾಡಿ ಕುಂಟಿದ್ರೆ ಅಮ್ಮನಿಗೆ ಗಾಬರಿ ಬೇಡ ಅನ್ನು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದಡಿ ಇಳಿಜಾರು. ಅಲ್ಲಿ ನಿಧಾನಕ್ಕೇ ಹೋಗಬೇಕು, ಎಲ್ಲ ನಿಂತಿರೋದು ಬ್ರೇಕಿನ ಮೇಲೇ.

ಇನ್ನು ನಿಜವಾದ ಗುಟ್ಟು: ಟಿಕೆಟ್ ನೋಡುವಾಗ ಮೊದಲು ವಾಪಸ್ಸಿಂದು ನೋಡು. ಶುಕ್ರವಾರ ಹೋಗೋಕೆ ಏನಾದ್ರೂ ಸಿಗುತ್ತೆ, ಕಷ್ಟ ಇರೋದು ಭಾನುವಾರ ರಾತ್ರಿಯದು. ನಾನು ಯಾವತ್ತೂ ಹಾಗೇ ಮಾಡೋದು. ವಾಪಸ್ಸು ಇದ್ರೆ ಹೋಗೋದು ಮಾಡ್ತೀನಿ. ಇಲ್ಲದಿದ್ರೆ ಕುಂದಾಪುರದಲ್ಲಿರೋ ನಮ್ಮಮ್ಮನಿಗೆ ಫೋನ್ ಮಾಡಿ, ‘ಅಮ್ಮ, ಟಿಕೆಟ್ ಇಲ್ಲ’ ಅಂತೀನಿ.

ಮೊನ್ನೆ ನಿನಗೆ ಇದನ್ನೆಲ್ಲ ಬರೆಯೋಕೆ ಕೂತಾಗಲೇ ಹೊಳೆದದ್ದು ಮಾರಾಯ. ಅಷ್ಟೂ ಸಲ ಹೋಗೋ ಟಿಕೆಟ್ ಇತ್ತು. ಕೋಟಾ ಗೊತ್ತಿದ್ದವನು, ಕಾರವಾರದಿಂದ ಹಾಕೋ ಉಪಾಯ ಗೊತ್ತಿದ್ದವನು, ತತ್ಕಾಲ್ ಎಸಿಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ಅಂತ ನಿದ್ದೆಯಲ್ಲೂ ಹೇಳೋನು ನಾನು. ರೈಲಿಲ್ಲದಿದ್ರೆ ಶಿರಾಡಿ ಮೇಲೆ ಬಸ್ಸಿದೆ. ಶಿರಾಡಿ ಕುಸಿದ್ರೆ ಚಾರ್ಮಾಡಿ. ನೇರ ಬಸ್ಸೇ ಇಲ್ಲ ಅಂದ್ರೆ ಹಾಸನ, ಮಂಗಳೂರು ಅಂತ ಬಸ್ಸು ಬದಲಾಯಿಸ್ಕೊಂಡು ಹೋಗಬಹುದು. ಇಷ್ಟು ದಾರಿ ಗೊತ್ತಿರೋನ ಬಾಯಲ್ಲಿ ‘ಟಿಕೆಟ್ ಇಲ್ಲ’ ಅನ್ನೋ ಮಾತು ಹೇಗೆ ಬರುತ್ತೆ ಹೇಳು? ಅಮ್ಮ ಮಾತ್ರ ‘ಹೌದಾ, ಹಬ್ಬ ಅಲ್ದಾ, ರಶ್ ಇರತ್ತ್’ ಅಂತ ನನ್ನ ಪರವಾಗಿ ತಾನೇ ಕಾರಣ ಕೊಡ್ತಾಳೆ. ವೇಟಿಂಗ್ ಲಿಸ್ಟಿನ ಬಗ್ಗೆ ಇಷ್ಟೆಲ್ಲ ಹೇಳಿದೆ ನೋಡು, ಅದರಲ್ಲಿ ಅವಳ ನಂಬರೆಷ್ಟು ಅಂತ ಒಂದು ದಿನವೂ ನೋಡಿಲ್ಲ.

ಸರಿ, ಸಾಕು. ನೀನು ನಗ್ತಿದ್ದೀಯ ಅಂತ ಗೊತ್ತು.

ಬಸ್ಸೇ ಆಯ್ತು ಅಂದ್ರೆ ಕೊನೇ ಸಾಲು ತಗೋಬೇಡ. ಹಿಂದಿನ ಚಕ್ರ ದಾಟಿ ಬಸ್ಸು ಹೊರಗೆ ಚಾಚಿಕೊಂಡಿರುತ್ತೆ, ಒಂದೊಂದು ಗುಂಡಿಗೂ ನಿನ್ನ ತಲೆ ಮೇಲಕ್ಕೆ ಹೋಗಿ ಬರುತ್ತೆ. ಎರಡು ಚಕ್ರಗಳ ನಡುವಿನ ಸೀಟು ನೋಡು, ಘಾಟಿ ತಿರುವಲ್ಲಿ ಹೊಟ್ಟೆ ತೊಳಸೋದೂ ಕಡಿಮೆ. ‘ಶಕ್ತಿ’ ಅಂತ ಅಮ್ಮನ ಆಧಾರ್ ಹಿಡ್ಕೊಂಡು ಐರಾವತ ಹತ್ತಬೇಡ. ಹೆಂಗಸರಿಗೆ ಉಚಿತ ಅನ್ನೋದು ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ, ರಾಜಹಂಸಕ್ಕೂ ಇಲ್ಲ.

ಕುಂದಾಪುರದಲ್ಲಿ ಇಳಿದ್ರೆ ನಮ್ಮಮ್ಮನ್ನ ನೋಡದೆ ಹೋಗಬೇಡ. ಊಟ ಮಾಡದೆ ಕಳಿಸಲ್ಲ, ಅದಕ್ಕೂ ಅರ್ಧ ದಿನ ಇಟ್ಕೋ. ರೈಲಿನ ಮಾತು ಬಂದ್ರೆ, ಎಲ್ಲ ಫುಲ್ಲು, ನಮಗೆ ಹೇಗೋ ಸಿಕ್ತು ಅಂತ ಹೇಳು. ಅವಳು ಫೇಸ್‌ಬುಕ್ಕಲ್ಲಿಲ್ಲ.

ಬೂದಿಗುಂಬಳ ಕೊಟ್ರೆ ಮಾತ್ರ ಈ ಸಲ ದಯವಿಟ್ಟು ಬೇಡ ಅನ್ನು.

ನಿನ್ನ,
ಸೈಡ್ ಲೋಯರ್