ಹೋದವಳ ಬಗ್ಗೆ ಯಾರಾದರೂ ಕೇಳಲಿ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ, ಜೊತೆಗೆ ಕಳಿಸಿದ ನಿನ್ನ ಬಾಹ್ಯಾಕಾಶ ನೌಕೆಯ ಧ್ವನಿ ಧಾರಾವಾಹಿಯ ಒಂಬತ್ತನೇ ಕಂತಿನ ಕರಡು, ಎರಡನ್ನೂ ಓದಿದೆ. ಇಂಜಿನಿಯರ್ ಪಾತ್ರಕ್ಕೆ ದನಿ ಕೊಡುತ್ತಿದ್ದ ಹುಡುಗಿ ಬಿಟ್ಟು ಹೋಗುತ್ತಿದ್ದಾಳೆ. ಅದೇ ಪಾತ್ರಕ್ಕೆ ಬೇರೆಯವರ ದನಿ ಹಾಕಲು ನಿನಗೆ ಮನಸ್ಸಿಲ್ಲ. ಸರಿ. ಅವಳನ್ನು ಸಾಯಿಸಲಾ, ಎಲ್ಲಿಗಾದರೂ ಕಳಿಸಲಾ, ಇಲ್ಲಾ ಸುಮ್ನೆ ಹೆಸರೆತ್ತದೆ ಮುಂದೆ ಹೋಗಲಾ ಅಂತ ಕೇಳಿದ್ದೀಯ. ಕರಡು ನೋಡಿದರೆ ಮೂರನೆಯದನ್ನು ಆಗಲೇ ಮಾಡಿ ಮುಗಿಸಿದ್ದೀಯ! ಎಂಟನೇ ಕಂತಿನ ಕೊನೆಯಲ್ಲಿ ಏರ್‌ಲಾಕ್ ಬಾಗಿಲು ದಾಟಿ ನೌಕೆಯ ಹೊರಗೆ ರಿಪೇರಿಗೆ ಹೋದವಳು ಒಂಬತ್ತರಲ್ಲಿ ಪತ್ತೆಯೇ ಇಲ್ಲ. ಅವಳು ಹೋಗಿದ್ದಕ್ಕೆ ನನ್ನ ತಕರಾರಿಲ್ಲ. ಏನಾದಳು ಅಂತ ನೀನು ಹೇಳದಿದ್ದರೂ ತಕರಾರಿಲ್ಲ. ಆದರೆ ನೌಕೆಯಲ್ಲಿ ಉಳಿದ ಹತ್ತು ಜನರಲ್ಲಿ ಒಬ್ಬರೂ ಕೇಳುವುದಿಲ್ಲವಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ.

ಈ ಕೆಲಸ ಮಾಡಿದವರಲ್ಲಿ ನೀನೇ ಮೊದಲಿಗನಲ್ಲ ಬಿಡು. 1966ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಟಿವಿ ಸರಣಿಯಲ್ಲಿ ಕ್ಯಾಪ್ಟನ್ ಪಕ್ಕದಲ್ಲೇ ಓಡಾಡಿಕೊಂಡಿದ್ದ ಜಾನಿಸ್ ರ‍್ಯಾಂಡ್ ಮೊದಲ ಸೀಸನ್ನಿನ ನಡುವೆಯೇ ಮಾಯವಾದಳು. ಒಂದು ಮಾತಿಲ್ಲ, ಕತೆಯಿಲ್ಲ. 1979ರ ಸಿನಿಮಾದಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಬಂದಳು. ಹೋಗಲಿ, ಅದು 400ಕ್ಕೂ ಜಾಸ್ತಿ ಜನ ಇರುವ ನೌಕೆ. ವರ್ಗವಾಗಿರಬಹುದು ಅಂದುಕೊಂಡು ನೋಡುವವರು ಸುಮ್ಮನಾಗಬಹುದು.

'ಸ್ಪೇಸ್: 1999' ಅನ್ನುವ ಟಿವಿ ಸರಣಿಯಲ್ಲಿ ಆ ದಾರಿಯೂ ಇಲ್ಲ. ಕತೆ ಗೊತ್ತಲ್ವಾ? ಸ್ಫೋಟವೊಂದರಿಂದ ಚಂದ್ರನೇ ಭೂಮಿಯ ಕಕ್ಷೆ ಬಿಟ್ಟು ಹೊರಟುಹೋಗುತ್ತಾನೆ, ಅವನ ಮೇಲಿನ ನೆಲೆಯಲ್ಲಿ 311 ಜನ ಸಿಕ್ಕಿಕೊಳ್ಳುತ್ತಾರೆ. ಅವರಲ್ಲೊಬ್ಬ ಪ್ರೊಫೆಸರ್ ವಿಕ್ಟರ್ ಬರ್ಗ್‌ಮನ್. ವಯಸ್ಸಾದವನು, ಎದೆಯಲ್ಲಿ ಯಂತ್ರದ ಹೃದಯ, ಇಡೀ ನೆಲೆಗೆ ಬುದ್ಧಿ ಹೇಳುವ ಹಿರಿಯ. ಬ್ಯಾರಿ ಮೋರ್ಸ್ ಮಾಡಿದ ಪಾತ್ರ. ಮೊದಲ ಸರಣಿ ಮುಗಿದು 1976ರಲ್ಲಿ ಎರಡನೆಯದು ಶುರುವಾದಾಗ ಬರ್ಗ್‌ಮನ್ ಇಲ್ಲ. ಅವನ ಜೊತೆಗೆ ಇನ್ನೂ ಕೆಲವರಿಲ್ಲ. ಅಲ್ಲಿಂದ ವರ್ಗ ಮಾಡಿಸಿಕೊಂಡು ಹೋಗುವ ಹಾಗಿಲ್ಲ, ರಾಜೀನಾಮೆ ಬಿಸಾಕಿ ಮನೆಗೆ ಹೋಗುವ ಹಾಗೂ ಇಲ್ಲ. ಮನೆಯೇ ಇಲ್ಲವಲ್ಲ! ಸ್ಪೇಸ್ ಸೂಟ್ ಕೆಟ್ಟು ಸತ್ತ ಅಂತ ಚಿತ್ರಕಥೆಯಲ್ಲಿ ಒಂದು ಮಾತಿತ್ತು, ಅದನ್ನೂ ಕತ್ತರಿಸಿದರು. ಎಷ್ಟು ಉಳಿಯಿತು ಅದರಿಂದ? ಹೆಚ್ಚೆಂದರೆ ಹತ್ತು ಸೆಕೆಂಡು. ಕಳೆದುಹೋದದ್ದು ಆ ನೆಲೆಯ ಮುಖ್ಯಸ್ಥ ಕಮಾಂಡರ್ ಕೋನಿಗ್ ಮೇಲಿನ ನಂಬಿಕೆ. ಅಷ್ಟು ಹತ್ತಿರದ ಗೆಳೆಯನನ್ನು ಒಮ್ಮೆಯೂ ನೆನೆಯದ ಮನುಷ್ಯ ಮುಂದೆ ಯಾರಿಗಾಗಿ ಕಣ್ಣೀರು ಹಾಕಿದರೂ ನನಗೆ ಅಷ್ಟಕ್ಕಷ್ಟೇ.

ನಿನ್ನ ನೌಕೆಯೂ ಹಾಗೆಯೇ ಮುಚ್ಚಿದ ಡಬ್ಬಿ. ಹನ್ನೊಂದು ಜನ. ಅಲ್ಲಿ ಯಾರೂ ಸುಮ್ನೆ ಕಾಣೆಯಾಗಲು ಆಗುವುದಿಲ್ಲ.

ಒಂದು ಮಾತು ಸಾಕು ಅನ್ನುವುದಕ್ಕೆ 'ಡಾಕ್ಟರ್ ಹೂ' ಸರಣಿ ನೋಡು. 1970ರ ಸೀಸನ್ ಮುಗಿಯುವವರೆಗೂ ವಿಜ್ಞಾನಿ ಲಿಜ್ ಶಾ ಇದ್ದಳು. 1971ರ ಮೊದಲ ಕತೆಗೆ ಬರುವಷ್ಟರಲ್ಲಿ ಕೇಂಬ್ರಿಜ್‌ಗೆ ವಾಪಸ್ ಹೋಗಿದ್ದಾಳೆ. ಬೀಳ್ಕೊಡುಗೆಯ ದೃಶ್ಯವೂ ಇಲ್ಲ. ಆದರೆ ಹೋಗುವ ಮುಂಚೆ ಅವಳು ಅಂದದ್ದನ್ನು ಸೇನೆಯ ಬ್ರಿಗೇಡಿಯರ್ ಕಥಾನಾಯಕ ಡಾಕ್ಟರಿಗೆ ಮುಟ್ಟಿಸುತ್ತಾನೆ: ನಿನಗೆ ಬೇಕಿರುವುದು ಟೆಸ್ಟ್ ಟ್ಯೂಬ್ ಕೈಗೆ ಕೊಡುತ್ತಾ, ನೀನೆಷ್ಟು ಜಾಣ ಅಂತ ಹೇಳುತ್ತಾ ಇರುವವರು ಅಷ್ಟೇ, ಅಂತ. ಇಷ್ಟರಲ್ಲೇ ಅವಳ ಸಿಟ್ಟೂ ಗೊತ್ತಾಯಿತು, ಇವನ ಬಂಡವಾಳವೂ ಗೊತ್ತಾಯಿತು.

ಈಗ ನನಗೆ ತುಂಬಾ ಕಾಡುವ ಪಾತ್ರಕ್ಕೆ ಬರುತ್ತೇನೆ. ಥಾಮಸ್ ರೈಕರ್. 1993ರಲ್ಲಿ 'ಸ್ಟಾರ್ ಟ್ರೆಕ್'ನ ಮುಂದಿನ ಸರಣಿ 'ದಿ ನೆಕ್ಸ್ಟ್ ಜನರೇಷನ್'ನಲ್ಲಿ ಬಂದವನು. ಜನರನ್ನು ಕ್ಷಣದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ರವಾನಿಸುವ ಟ್ರಾನ್ಸ್‌ಪೋರ್ಟರ್ ಯಂತ್ರದ ಎಡವಟ್ಟಿನಿಂದ ಒಬ್ಬ ವಿಲ್ ರೈಕರ್ ಇಬ್ಬರಾಗುತ್ತಾರೆ. ಒಬ್ಬ ನೌಕೆಗೆ ಮರಳಿ ದೊಡ್ಡ ಅಧಿಕಾರಿಯಾಗುತ್ತಾನೆ. ಇನ್ನೊಬ್ಬ, ಅಂದರೆ ಈ ಥಾಮಸ್, ಪಾಳು ನೆಲೆಯಲ್ಲಿ ಒಬ್ಬನೇ ಎಂಟು ವರ್ಷ ಕಳೆಯುತ್ತಾನೆ. ಅಲ್ಲೊಬ್ಬ ಇದ್ದಾನೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಹುಡುಕುವವರೂ ಇಲ್ಲ. 1994ರಲ್ಲಿ ಇನ್ನೊಂದು 'ಸ್ಟಾರ್ ಟ್ರೆಕ್' ಸರಣಿ 'ಡೀಪ್ ಸ್ಪೇಸ್ ನೈನ್'ಗೆ ಬಂದು ಡಿಫಯಂಟ್ ನೌಕೆ ಕದಿಯುತ್ತಾನೆ. ಕೊನೆಗೆ ಜೊತೆಗಾರರ ಜೀವ ಉಳಿಸಲು ಕಾರ್ಡೇಸಿಯನ್ನರು ಅನ್ನುವ ಅನ್ಯಗ್ರಹದವರಿಗೆ ಶರಣಾಗುತ್ತಾನೆ. ಲಾಜಾನ್ 2 ಎಂಬ ಶಿಬಿರದಲ್ಲಿ ಜೀವಾವಧಿ ಶಿಕ್ಷೆ. ಬೀಳ್ಕೊಡುವಾಗ ಆ ಸರಣಿಯ ಮುಖ್ಯ ಪಾತ್ರಗಳಲ್ಲೊಬ್ಬಳಾದ ಕೀರಾ ಮಾತು ಕೊಡುತ್ತಾಳೆ, ನಿನ್ನನ್ನು ಬಿಡಿಸಿಕೊಂಡು ಬರುತ್ತೇನೆ ಅಂತ.

ಸರಣಿ 1999ರವರೆಗೂ ನಡೆಯಿತು. ನಡುವೆ ದೊಡ್ಡ ಯುದ್ಧವೇ ಆಗಿಹೋಯಿತು. ಕೊನೆಕೊನೆಗೆ ಕೀರಾ ಕಾರ್ಡೇಸಿಯಾದ ನೆಲದಲ್ಲೇ ನಿಂತು ಹೋರಾಡಿದಳು. ರೈಕರ್ ಹೆಸರು ಬರಲಿಲ್ಲ. ಗಮನಿಸು, ಕತೆಯೊಳಗೆ ಎಂಟು ವರ್ಷ ಮರೆತುಹೋದವನನ್ನು ಕತೆ ಬರೆದವರೂ ಮರೆತರು. ಅದನ್ನೇ ಬೇಕಂತ ಮಾಡಿದ್ದರೆ ಕೈ ಮುಗಿಯಬಹುದಿತ್ತು. ಹಾಗೆ ಅನ್ನಿಸುವ ಒಂದು ಸುಳಿವಾದರೂ ಇರಬೇಕಿತ್ತಲ್ಲ. ಇದರಲ್ಲಿ ನಿಜವಾಗಿ ಪೆಟ್ಟು ತಿಂದವಳು ಕೀರಾ. ಜೀವ ಹೋದರೂ ಮಾತು ತಪ್ಪದವಳು ಅಂತ ಏಳು ಸೀಸನ್ ಕಟ್ಟಿದ ಪಾತ್ರ ಅದು. ಒಮ್ಮೆ ಅವಳು ಒಂದು ಅರ್ಜಿ ಹಾಕಿ, ಅದು ತಿರಸ್ಕಾರವಾಗಿದ್ದರೂ ಸಾಕಿತ್ತು. ರೈಕರ್ ಅಲ್ಲೇ ಕೊಳೆಯಲಿ, ಕೀರಾ ಮಾತ್ರ ಕೀರಾ ಆಗಿ ಉಳಿಯುತ್ತಿದ್ದಳು.

ಹಾಗಂತ ಪ್ರತಿಯೊಂದಕ್ಕೂ ಉತ್ತರ ಕೊಡಬೇಕು ಅಂದುಕೊಳ್ಳಬೇಡ. 'ಬ್ಲೇಕ್ಸ್ 7' ಸರಣಿಯಲ್ಲಿ ನಾಯಕ ಬ್ಲೇಕ್‌ನ ಜೊತೆಗಾತಿ ಜೆನ್ನಾ ಎರಡನೇ ಸರಣಿಯ ನಂತರ ತೆರೆಯ ಮೇಲೆ ಬರಲೇ ಇಲ್ಲ. 1981ರ ಡಿಸೆಂಬರಿನ ಕಟ್ಟಕಡೆಯ ಕಂತಿನಲ್ಲಿ ಬ್ಲೇಕ್ ಹೇಳುತ್ತಾನೆ, ಅವಳು ತನ್ನ ನೌಕೆಯನ್ನೇ ಸ್ಫೋಟಿಸಿಕೊಂಡು ಶತ್ರುಗಳ ಅರ್ಧ ಪಡೆಯನ್ನು ಜೊತೆಗೆ ಒಯ್ದಳು ಅಂತ. ಆದರೆ ಹೇಳುವಾಗ ಅವನು ಬಹುಮಾನದ ಆಸೆಗೆ ಅಪರಾಧಿಗಳನ್ನು ಹಿಡಿದುಕೊಡುವವನ ವೇಷದಲ್ಲಿದ್ದಾನೆ, ಎದುರಿಗಿರುವವನನ್ನು ಪರೀಕ್ಷೆ ಮಾಡುತ್ತಿದ್ದಾನೆ. ನಿಜವೋ ಸುಳ್ಳೋ ಕೇಳೋಣ ಅಂದರೆ ಸ್ವಲ್ಪ ಹೊತ್ತಿನಲ್ಲೇ ಅವನನ್ನೇ ಗುಂಡಿಟ್ಟು ಕೊಲ್ಲುತ್ತಾರೆ, ಅದೂ ಹಳೆಯ ಜೊತೆಗಾರ ಏವನ್! ಜೆನ್ನಾ ಸತ್ತಳಾ, ಬದುಕಿದ್ದಾಳಾ? ಇವತ್ತಿಗೂ ವಾದ ಮಾಡಬಹುದು. ಇಲ್ಲಿ ಉತ್ತರ ಸಿಗದಿದ್ದರೂ ಮೋಸ ಅನ್ನಿಸುವುದಿಲ್ಲ. ಅವಳ ಸುದ್ದಿ ಒಬ್ಬರ ಬಾಯಲ್ಲಿ ಬಂತು, ಆ ಬಾಯಿ ಎಂಥದ್ದು ಅಂತ ನಮಗೂ ಗೊತ್ತು.

ಸಾಯಿಸಿದರೆ ತಲೆನೋವು ಮುಗಿಯುತ್ತದೆ ಅಂದುಕೊಂಡಿದ್ದರೆ ಅದನ್ನೂ ಬಿಡು. ಬೇರೆ ಕತೆಗಳಲ್ಲಿ ಸತ್ತವರು ಸತ್ತಂತೆ, ನಮ್ಮ ವೈಜ್ಞಾನಿಕ ಕತೆಗಳಲ್ಲಿ ಹಾಗಲ್ಲ. 'ದಿ ನೆಕ್ಸ್ಟ್ ಜನರೇಷನ್'ನ ಟಾಶಾ ಯಾರ್ 1988ರಲ್ಲಿ ಸತ್ತಳು, 1990ರಲ್ಲಿ ಬೇರೊಂದು ಕಾಲರೇಖೆಯಿಂದ ಎದ್ದುಬಂದಳು. ನೀನಂತೂ ಎರಡನೇ ಕಂತಿನಲ್ಲೇ ನೆನಪುಗಳನ್ನು ನಕಲು ಮಾಡುವ ಯಂತ್ರ ತಂದಿಟ್ಟಿದ್ದೀಯ. ಇಂಜಿನಿಯರನ್ನು ಕೊಂದ ಮರುಕ್ಷಣ ಕೇಳುಗರು ಆ ಯಂತ್ರದ ಕಡೆ ತಿರುಗುತ್ತಾರೆ. ಆಮೇಲೆ ಅದು ಯಾಕೆ ಕೆಲಸ ಮಾಡಲಿಲ್ಲ ಅಂತ ಇನ್ನೊಂದು ಕಂತು ಬರೆಯಬೇಕು.

ಎಲ್ಲಕ್ಕಿಂತ ಚೆನ್ನಾಗಿ ನಿಭಾಯಿಸಿದವರು 'ಬ್ಯಾಬಿಲಾನ್ 5'ನವರು ಅಂತ ನನ್ನ ಲೆಕ್ಕ. (ಮೂವತ್ತು ವರ್ಷದ ಹಳೆಯ ಸರಣಿ, ಕತೆ ಬಿಟ್ಟುಕೊಟ್ಟೆ ಅಂತ ಬೈಯಬೇಡ.) ನಾಯಕ ಸಿಂಕ್ಲೇರ್ ಒಂದೇ ಸೀಸನ್ನಿಗೆ ಹೋದ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲೇ ಅವನನ್ನು ಮಿನ್ಬಾರ್ ಅನ್ನುವ ಗ್ರಹಕ್ಕೆ ರಾಯಭಾರಿ ಮಾಡಿ ಕಳಿಸಿದ್ದಾರೆ ಅಂತ ತಿಳಿಸಿದರು. ಯುದ್ಧದಲ್ಲಿ ಅವನ ನೆನಪಿನಿಂದ 24 ಗಂಟೆ ಕಳೆದುಹೋಗಿತ್ತು, ಆ ಗಂಟು ಮೊದಲೇ ಹಾಕಿಟ್ಟಿದ್ದರು. 1996ರಲ್ಲಿ ಎರಡು ಕಂತಿಗೆ ಮರಳಿ ಬಂದ. ಸಾವಿರ ವರ್ಷ ಹಿಂದಕ್ಕೆ ಹೋಗಿ ಆ ಗ್ರಹದ ಮಿನ್ಬಾರಿಗಳು ಪೂಜಿಸುವ ಮಹಾಪುರುಷ ವಾಲೆನ್ ಅವನೇ ಆದ. ಪಾತ್ರಧಾರಿ ಮೈಕೆಲ್ ಓಹೇರ್ ಯಾಕೆ ಬಿಟ್ಟರು ಅಂತ ಮಾತ್ರ ಬಹಳ ಕಾಲ ಹೊರಗೆ ಬರಲಿಲ್ಲ. ಅವರಿಗೆ ಮಾನಸಿಕ ಕಾಯಿಲೆ ಇತ್ತು. ಸರಣಿಯ ಕರ್ತೃ ಸ್ಟ್ರಾಜಿನ್ಸ್ಕಿ ಆ ಗುಟ್ಟು ಕಾಪಾಡಿದರು, 2012ರಲ್ಲಿ ಓಹೇರ್ ತೀರಿಕೊಂಡ ಮೇಲೆಯೇ ಹೇಳಿದರು. ನಿನ್ನ ಹುಡುಗಿ ಯಾಕೆ ಹೋದಳು ಅಂತ ಜನ ಕೇಳಿದರೆ ನೀನೂ ಬಾಯಿ ಬಿಡಬೇಡ. ಪಾತ್ರದ ಸುದ್ದಿ ಕೇಳುಗರಿಗೆ ಸೇರಿದ್ದು, ಅವಳ ಸುದ್ದಿ ಅವಳದ್ದು.

ಈಗ ನಿನ್ನ ಕರಡಿಗೆ ಬಾ. ಒಂಬತ್ತರಲ್ಲಿ ನೀರಿನ ಪಂಪ್ ಕೆಡುತ್ತದೆ, ಡಾಕ್ಟರ್ ಹೋಗಿ ಸರಿ ಮಾಡುತ್ತಾಳೆ. ಡಾಕ್ಟರಿಗೆ ಪಂಪ್ ರಿಪೇರಿ ಯಾವಾಗ ಬಂತಪ್ಪಾ? ನಾಲ್ಕನೇ ಕಂತಿನಲ್ಲಿ ಇಂಜಿನಿಯರ್ ಆ ಪಂಪಿಗೆ ಚೀಟಿ ಅಂಟಿಸಿದ್ದು ನೀನೇ ಮರೆತಿದ್ದೀಯ. ಹೀಗೆ ಬರೆದು ನೋಡು:

'ಎಡಕ್ಕೆ ತಿರುಗಿಸಬೇಡಿ, ಮೊದಲು ನನ್ನನ್ನು ಕರೆಯಿರಿ ಅಂತ ಬರೆದಿದೆ.'

'ಕರಿ ಮತ್ತೆ.'

'ಮೂರು ದಿನದಿಂದ ಕರೀತಾನೇ ಇದ್ದೀನಿ.'

'...ಸರಿ. ಬಲಕ್ಕೆ ತಿರುಗಿಸು.'

ಇಷ್ಟು ಸಾಕು. ಇನ್ನೊಂದಿದೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ನೌಕೆಯಲ್ಲಿರುವವರ ಲೆಕ್ಕ ಹೇಳುತ್ತದೆ, ಅದರ ಪ್ರಕಾರವೇ ಆಮ್ಲಜನಕ ಬಿಡುತ್ತದೆ ಅಂತ ಬರೆದಿದ್ದೀಯ. ಈಗ ಅದು ಹತ್ತು ಅನ್ನಬೇಕಾ, ಹನ್ನೊಂದು ಅನ್ನಬೇಕಾ? ಹನ್ನೊಂದು ಅಂದರೆ ಒಬ್ಬರ ಪಾಲು ದಿನವೂ ದಂಡ. ಹತ್ತು ಅಂದರೆ ಕ್ಯಾಪ್ಟನ್ ಅವಳ ಆಸೆ ಬಿಟ್ಟ ಹಾಗೆ. ತಿದ್ದಲು ಅವನು ಒಪ್ಪುವುದಿಲ್ಲ ಅಂತಿಟ್ಟುಕೋ, ಎಷ್ಟು ದಿನ? ಯಾರು ಮೊದಲು ಜಗಳ ತೆಗೆಯುತ್ತಾರೆ? ಮುಂದಿನ ಮೂರು ಕಂತು ಅಲ್ಲೇ ಕೂತಿದೆ.

ಕೊನೆಯದಾಗಿ, ಅವಳು ಹೊರಡುವ ಮುಂಚೆ ಕೇಳಿಕೊಂಡು ನಾಲ್ಕೈದು ಮಾತು ರೆಕಾರ್ಡ್ ಮಾಡಿಟ್ಟುಕೋ. 'ಬ್ಲೇಕ್ಸ್ 7'ನಲ್ಲೇ ಇನ್ನೊಬ್ಬ ಜೊತೆಗಾತಿ ಕ್ಯಾಲಿ ಸಾಯುವಾಗ ಕಾಣುವುದಿಲ್ಲ, ಬ್ಲೇಕ್ ಅಂತ ಕೂಗುವ ದನಿ ಮಾತ್ರ ಬರುತ್ತದೆ. ನಿನ್ನದು ಹೇಗೂ ಬರೀ ದನಿಯ ಕತೆ. ಎಲ್ಲಿಂದ ಮಾತಾಡುತ್ತಿದ್ದಾಳೆ ಅಂತ ಗೊತ್ತಾಗದ ಮಾತುಗಳಿರಲಿ. 'ಕೇಳ್ತಿದೆಯಾ?', 'ಇನ್ನೊಂದು ಸಲ ಹೇಳಿ', ಅಂಥವು. ಬಳಸುತ್ತೀಯೋ ಇಲ್ಲವೋ ಆಮೇಲೆ ನೋಡೋಣ. ಅವಳು ಒಪ್ಪದಿದ್ದರೆ ಒತ್ತಾಯ ಬೇಡ. ಒಂಬತ್ತನ್ನು ತಿದ್ದಿ ಕಳಿಸು, ಹತ್ತಕ್ಕೆ ಆಮೇಲೆ ಕೈ ಹಾಕು.

ಇಂತಿ,
ನಿನ್ನ ಅಣ್ಣ