ಚಹಾಕ್ಕೆ ಬಂದ ಹುಲಿ

ಸಂಪಾದಕರೇ,

ಜೂಡಿತ್ ಕೆರ್ ಬರೆದು, ಚಿತ್ರವನ್ನೂ ಬಿಡಿಸಿದ ‘ದಿ ಟೈಗರ್ ಹೂ ಕೇಮ್ ಟು ಟೀ’ (1968) ಪುಸ್ತಕವನ್ನು ಮೊನ್ನೆ ಮಗಳಿಗೆ ಓದಿ ಹೇಳಿದೆ. ಚಿಕ್ಕವಳಿದ್ದಾಗ ನನಗೆ ಕಂಡಿದ್ದು ಹುಲಿ ಮಾತ್ರ. ಈಗ ಕಣ್ಣು ಹೋಗಿದ್ದು ಕಥೆಯಲ್ಲಿನ ಅಮ್ಮನ ಕಡೆಗೆ. ಬೆಲ್ ಒತ್ತಿ, ಹಸಿವು ಅಂತ ಒಳಗೆ ಬಂದ ಹುಲಿ ಬನ್ನು, ಬಿಸ್ಕತ್ತು, ಕೇಕು ಮುಗಿಸಿ ಒಲೆ ಮೇಲಿನ ಅಡುಗೆಗೂ ಬಾಯಿ ಹಾಕುತ್ತದೆ. ಅಪ್ಪನ ಬಿಯರನ್ನೂ ಬಿಡಲ್ಲ! ಕೊನೆಗೆ ನಲ್ಲಿ ನೀರೂ ಖಾಲಿ. ಬೇಸಿಗೆ ಬಂದರೆ ಟ್ಯಾಂಕರ್‌ಗೆ ಫೋನ್ ಮಾಡುವ ನನಗೆ ಜಾಸ್ತಿ ನಗು ಬಂದಿದ್ದೇ ಅಲ್ಲಿ. ಪಾಪ, ಅಮ್ಮನಿಗೆ ಅಪ್ಪನ ರಾತ್ರಿ ಊಟದ್ದೇ ಚಿಂತೆ. ಅಪ್ಪ ಸುಮ್ನೆ ಎಲ್ಲರನ್ನೂ ಹೋಟೆಲಿಗೆ ಕರೆದೊಯ್ಯುತ್ತಾನೆ. ಒಂದು ಹೊತ್ತಿನ ಅಡುಗೆ ತಪ್ಪಿತು, ಅಲ್ವಾ? ಮರುದಿನ ಹುಲಿಗೆಂದು ದೊಡ್ಡ ಡಬ್ಬಿ ತಿಂಡಿ ತಂದಿಟ್ಟರೂ ಅದು ಮತ್ತೆ ಬರಲೇ ಇಲ್ಲ.

‘ನಮ್ಮನೆಗೆ ಬಂದ್ರೆ ಉಪ್ಪಿಟ್ಟು ತಿನ್ನುತ್ತಾ ಅಮ್ಮಾ?’ ಎಂದಳು ಮಗಳು.

– ಓದುಗಿ, ಬೆಂಗಳೂರು